ಎಂಜಿನ್ ಬಂತು, ಪೆಟ್ರೋಲ್ ಬರಲಿಲ್ಲ

ಚಳಿಗಾಲದ ಬೆಳಿಗ್ಗೆ ನನ್ನ ಮಾರುತಿ ಜಿಪ್ಸಿಯನ್ನು ಎಬ್ಬಿಸುವುದೆಂದರೆ ಪರೀಕ್ಷೆ ಹತ್ತಿರ ಬಂದ ಮಗನನ್ನು ಎಬ್ಬಿಸಿದ ಹಾಗೆ. ಚೋಕ್ ಎಳೆಯಬೇಕು, ಎರಡು ಸಲ ಆಕ್ಸಿಲರೇಟರ್ ತುಳಿಯಬೇಕು, ಆಮೇಲೆ ಕೀ ತಿರುಗಿಸಬೇಕು. ಅದು ಒಮ್ಮೆ ಗೊರ್ ಅಂದು ಮಗ್ಗುಲು ಬದಲಾಯಿಸಿ ಮತ್ತೆ ಮಲಗುತ್ತಿತ್ತು. ಅಷ್ಟರಲ್ಲಿ ಹಾಸನದ ನಮ್ಮ ಬೀದಿಗೆಲ್ಲ ಪೆಟ್ರೋಲ್ ವಾಸನೆ.

1998ರ ಗಾಡಿ. 1298 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಹಳೇ ಕಾಲದ ಕಾರ್ಬ್ಯುರೇಟರ್, 60 ಕುದುರೆಯ ಶಕ್ತಿ. 2000ದ ಹೊತ್ತಿಗೆ ಅದೇ 1298 ಸಿಸಿಗೆ 16 ವಾಲ್ವ್ ಮತ್ತು ಎಂಪಿಎಫ್‌ಐ (ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಏರ್ಪಾಡು) ಬಂದು 80 ಕುದುರೆ ಆಯಿತು. ಆ ಕಾಲದಲ್ಲಿ ಕಾರುಗಳ ಬೆನ್ನ ಮೇಲೆ ‘ಎಂಪಿಎಫ್‌ಐ’ ಅಂತ ಬರೆದುಕೊಂಡು ಓಡಾಡುತ್ತಿದ್ದರು, ಮನೆ ಮುಂದೆ ‘ಎಂಬಿಬಿಎಸ್’ ಬೋರ್ಡ್ ಹಾಕಿಕೊಂಡ ಹಾಗೆ. ಬರೀ ಎರಡು ವರ್ಷ ಮೊದಲು ಹುಟ್ಟಿದ ತಪ್ಪಿಗೆ ನನ್ನ ಗಾಡಿಗೆ ಇಪ್ಪತ್ತು ಕುದುರೆ ಕಡಿಮೆ. ಇದು ನ್ಯಾಯವಾ ಅಂತ ನನಗೆ ಬಹಳ ದಿನದಿಂದ ಕೊರಗಿತ್ತು.

ಒಂದು ಗುಜರಿ ಅಂಗಡಿಯಲ್ಲಿ ಅಂಥ ಎಂಜಿನ್ ಸಿಕ್ಕಿತು. ವೈರಿಂಗ್, ಇಸಿಯು ಅನ್ನುವ ಎಂಜಿನ್ನಿನ ಪುಟ್ಟ ಕಂಪ್ಯೂಟರ್, ಎಲ್ಲ ಜೊತೆಗಿತ್ತು. ಗುಜರಿಯವರು ಒಳ್ಳೆ ಮನುಷ್ಯರು. “ಇದರ ಟ್ಯಾಂಕೂ ತಗೊಂಡು ಹೋಗಿ ಸಾರ್, ಒಳಗೆ ಪಂಪಿದೆ, ಬೇಕಾಗುತ್ತೆ” ಅಂದರು. ನಾನು ನಕ್ಕೆ. ಎಷ್ಟು ವರ್ಷದಿಂದ ನಾನು ಈ ಅಂಗಡಿಗಳಿಗೆ ಬರುತ್ತಿಲ್ಲ? ಒಂದು ಕೊಂಡವನಿಗೆ ಇನ್ನೊಂದು ತಗಲಿಸುವುದು ಇವರ ಜಾಯಮಾನ. “ನಮ್ಮ ಟ್ಯಾಂಕ್ ಗಟ್ಟಿಯಾಗಿದೆ, ಬೇಡ” ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆ ನೋಟದ ಅರ್ಥ ಆಗಲು ನನಗೆ ಹನ್ನೊಂದು ವಾರ ಬೇಕಾಯಿತು.

ಎಂಜಿನ್ ಬದಲಾಯಿಸುವ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಆರ್‌ಟಿಒ ಕಾಗದ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರು, ಅದೊಂದು ಬೇರೆ ಪುರಾಣ. ಅದನ್ನು ಹೇಳಹೊರಟರೆ ಪೆಟ್ರೋಲಿನ ಕಥೆಗೆ ಜಾಗವೇ ಉಳಿಯುವುದಿಲ್ಲ.

ಹಳೇ ಎಂಜಿನ್‌ಗೆ ಒಂದು ಪುಟ್ಟ ಪಂಪಿತ್ತು, ಎಂಜಿನ್‌ ಮೈಗೇ ಅಂಟಿಕೊಂಡದ್ದು. ಎಂಜಿನ್ ತಿರುಗಿದಂತೆ ಅದು ಪುಸಕ್ ಪುಸಕ್ ಅಂತ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬ್ಯುರೇಟರಿನ ಬಟ್ಟಲಿಗೆ ತುಂಬುತ್ತಿತ್ತು. ಅದರ ಒತ್ತಡ ಕಾಲು ಬಾರ್ ಅಂದುಕೊಳ್ಳಿ. ಹೊಸ ಎಂಜಿನ್‌ಗೆ ಬೇಕಾದದ್ದು ಸುಮಾರು 3 ಬಾರ್. ಅಂದರೆ ಕಾರಿನ ಟೈರಿಗೆ ಹೊಡೆಸುವ ಗಾಳಿಗಿಂತ ಜಾಸ್ತಿ. ಅದಕ್ಕೆ ಬೇರೆ ಕರೆಂಟ್ ಪಂಪು ಬೇಕು. ನಮ್ಮ ಮೇಸ್ತ್ರಿ ಒಂದು ತಂದರು. ಪೈಪ್ ಮಾತ್ರ ಹಳೇದೇ ಇರಲಿ ಅಂತ ಹೇಳಿದ್ದು ನಾನು. “ಚೆನ್ನಾಗೇ ಇದೆಯಲ್ಲ?”

ಪೂಜೆ ಆಯಿತು. ನಿಂಬೆಹಣ್ಣು ಇಟ್ಟೆವು. ನಾನು ಬಿಳಿ ಪಂಚೆಯಲ್ಲಿದ್ದೆ, ಮಧ್ಯಾಹ್ನ ಒಂದು ಗೃಹಪ್ರವೇಶದ ಊಟವಿತ್ತು. ಬಾನೆಟ್ ಒಳಗೆ ಬಗ್ಗಿ ನೋಡುತ್ತಾ “ಹೂಂ, ಹಾಕಿ” ಅಂದೆ. ಮೇಸ್ತ್ರಿ ಕೀ ತಿರುಗಿಸಿದರು. ಪಂಪು ಗೂಂಯ್ ಅಂದಿತು. ಹಳೇ ಪೈಪಿನ ಕ್ಲಿಪ್ಪು ಟಪ್ ಅಂತ ಬಿಟ್ಟುಕೊಂಡಿತು. ಆಮೇಲೆ ನಡೆದದ್ದನ್ನು ಹೋಳಿಹಬ್ಬ ಅನ್ನಬಹುದು, ಬಣ್ಣ ಒಂದಿರಲಿಲ್ಲ ಅಷ್ಟೇ. ಗ್ಯಾರೇಜಿನ ಹುಡುಗ ಓಡಿ ಬಂದು ಬ್ಯಾಟರಿ ಕನೆಕ್ಷನ್ ಕಿತ್ತ. ಎಂಜಿನ್ ತಣ್ಣಗಿತ್ತು, ಯಾರ ಕೈಯಲ್ಲೂ ಬೀಡಿ ಇರಲಿಲ್ಲ. ಈಗಲೂ ಆ ನಿಂಬೆಹಣ್ಣಿಗೆ ಕೈ ಮುಗಿಯುತ್ತೇನೆ.

ಅವತ್ತು ಎರಡು ವಿಷಯ ತಿಳಿಯಿತು. ಇಂಜೆಕ್ಷನ್ ಗಾಡಿಗೆ ಬೇರೆಯದೇ ದಪ್ಪ ಪೈಪ್ ಬರುತ್ತದೆ, ಕ್ಲಿಪ್ಪೂ ಬೇರೆ. ಇನ್ನೊಂದು, ಕೀ ತಿರುಗಿಸಿದಾಗ ಪಂಪು ಎರಡು ಮೂರು ಸೆಕೆಂಡು ಮಾತ್ರ ಓಡಿ ನಿಲ್ಲಬೇಕು. ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ಗೊತ್ತಾದರಷ್ಟೇ ಮುಂದೆ ಓಡಬೇಕು. ಗಾಡಿ ಎಲ್ಲಾದರೂ ಗುದ್ದಿ ಎಂಜಿನ್ ನಿಂತರೂ ಪಂಪು ಪೆಟ್ರೋಲ್ ಚಿಮ್ಮುತ್ತಲೇ ಇದ್ದರೆ ಏನು ಗತಿ ಅಂತ ಮಾಡಿರುವ ಏರ್ಪಾಡು ಅದು. ನಮ್ಮ ಮೇಸ್ತ್ರಿ ಅಷ್ಟೆಲ್ಲ ಯಾಕೆ ಅಂತ, ಇಸಿಯು ಹೇಳಿದಂತೆ ಪಂಪನ್ನು ಓಡಿಸಿ ನಿಲ್ಲಿಸುವ ರಿಲೇ ಸ್ವಿಚ್ಚನ್ನು ಬಿಟ್ಟು ನೇರ ಕೀಗೆ ವೈರ್ ಕೊಟ್ಟಿದ್ದರು. ಹಾಗಾಗಿ ನನ್ನ ಅಭಿಷೇಕ ಎರಡು ಸೆಕೆಂಡಿಗೆ ನಿಲ್ಲದೆ ಹುಡುಗ ಓಡಿ ಬರುವವರೆಗೂ ನಡೆಯಿತು. ಗೃಹಪ್ರವೇಶಕ್ಕೆ ಹೆಂಡತಿ ಒಬ್ಬಳೇ ಹೋದಳು.

ಪೈಪ್ ಬದಲಾಯಿತು, ರಿಲೇ ಬಂತು. ಈಗ ಪಂಪಿನ ಗಲಾಟೆ ಶುರು. ಕೈಗೆ ಸಿಗುವ ಹಾಗಿರಲಿ ಅಂತ ಅದನ್ನು ಹಿಂದಿನ ಸೀಟಿನ ಹತ್ತಿರ, ಟ್ಯಾಂಕಿಗಿಂತ ಮೇಲೆ ಕೂರಿಸಿದ್ದೆವು. ನೀರು ಹಾಕದೆ ಚಟ್ನಿ ರುಬ್ಬಿದರೆ ಮಿಕ್ಸಿ ಹೇಗೆ ಅರಚುತ್ತದೋ ಹಾಗೆ ಅರಚಿತು. ಇಪ್ಪತ್ತು ಕಿಲೋಮೀಟರಿಗೆ ಮುಟ್ಟಲಾಗದಷ್ಟು ಬಿಸಿ. ಈ ಪಂಪುಗಳಿಗೆ ನೂಕುವುದು ಚೆನ್ನಾಗಿ ಗೊತ್ತು, ಎಳೆಯುವುದು ಬರುವುದಿಲ್ಲ. ಪೆಟ್ರೋಲ್ ತಾನಾಗಿಯೇ ಇಳಿದು ಅದರ ಬಾಯಿಗೆ ಬೀಳಬೇಕು. ನಮ್ಮ ಆಫೀಸಿನಲ್ಲೂ ಇಂಥವರು ಇದ್ದಾರೆ, ಹೆಸರು ಬೇಡ. ಪಂಪನ್ನು ಕೆಳಗಿಳಿಸಿದೆವು. ಅರಚಾಟ ನಿಂತಿತು.

ಆಮೇಲೆ ಕಪ್ಪು ಹೊಗೆ. ಲೀಟರಿಗೆ ಆರು ಕಿಲೋಮೀಟರ್. ಪ್ಲಗ್ಗು ಕೂದಲಿಗೆ ಬಣ್ಣ ಹಚ್ಚಿಸಿಕೊಂಡ ಹಾಗೆ ಕರ್ರಗೆ. ಸೆನ್ಸರ್ ಇರಬಹುದು ಅಂತ ಒಂದು ಬದಲಾಯಿಸಿದೆವು, ಇನ್ನೊಂದು ಬದಲಾಯಿಸಿದೆವು. ಕೊನೆಗೆ ಹುಡುಗನೇ ಕಂಡುಹಿಡಿದ. ಎಂಜಿನ್ ಕುಡಿದು ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗಲು ಒಂದು ಸಣ್ಣ ಕಬ್ಬಿಣದ ಪೈಪಿದೆ. ಅದು ತುಕ್ಕು ತಿಂದು ಮುಕ್ಕಾಲು ಮುಚ್ಚಿಹೋಗಿತ್ತು. ವಾಪಸ್ ಹೋಗಲು ದಾರಿ ಇಲ್ಲದಿದ್ದರೆ ಒತ್ತಡ ಏರುತ್ತದೆ, ಇಂಜೆಕ್ಟರು ಬೇಕಾದ್ದಕ್ಕಿಂತ ಜಾಸ್ತಿ ಉಗುಳುತ್ತದೆ. ಬಡಿಸುವವರು ಮುಂದೆ ನಿಂತು ಸಾಕು ಅಂದರೂ ಕೇಳದೆ ಹಾಕಿದ ಹಾಗೆ. ಬದಲಾಯಿಸಿದ ಎರಡೂ ಸೆನ್ಸರ್ ಡಬ್ಬಿ ಸಮೇತ ನನ್ನ ಹತ್ತಿರ ಇವೆ. ಯಾರಿಗಾದರೂ ಬೇಕಿದ್ದರೆ ಹೇಳಿ.

ಎಲ್ಲ ಸರಿಹೋಯಿತು ಅನ್ನಿಸಿತು. ಅನ್ನಿಸಿದ ಮರುವಾರವೇ ಅತ್ತೆಯವರನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೊರಟೆವು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದೆವು. ಗಾಡಿ ಬೆಣ್ಣೆ. ನಾನು “80 ಕುದುರೆ” ಅಂತ ಎರಡು ಮೂರು ಸಲ ಹೇಳಿರಬಹುದು. ಹೆಂಡತಿ ಆರು ಸಲ ಅನ್ನುತ್ತಾಳೆ.

ವಾಪಸ್ ಬರುವಾಗ ಟ್ಯಾಂಕ್ ಕಾಲು ಭಾಗಕ್ಕೆ ಬಂದಿತ್ತು. ಘಾಟಿ ಹತ್ತುವಾಗ ಮೊದಲ ದೊಡ್ಡ ತಿರುವಿನಲ್ಲಿ ಗಾಡಿ ಒಮ್ಮೆ ಕೆಮ್ಮಿತು. ಎರಡನೇದರಲ್ಲಿ ಜೋರಾಗಿ ಕೆಮ್ಮಿತು. ಮೂರನೇದರಲ್ಲಿ ನಿಂತೇಹೋಯಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಹದಿನೈದು ಕಾರು. ಮಳೆ. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಯಿತು. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಹೀಗೆ ನಿಂತು ನಿಂತು ಕೊಟ್ಟಿಗೆಹಾರ ತಲುಪಿದಾಗ ಕತ್ತಲಾಗಿತ್ತು. ನೀರ್‌ದೋಸೆ ಮುಂದೆ ಕೂತು ಅತ್ತೆ ಮೆಲ್ಲಗೆ ಅಂದರು: “ಹಳೇ ಎಂಜಿನ್ ಚೆನ್ನಾಗೇ ಇತ್ತಲ್ಲ ಅಳಿಯಂದಿರೇ?”

ನಾನು ದೋಸೆ ಮುರಿಯುತ್ತಾ ವಿವರಿಸಿದೆ. ತಿರುವಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಓಡುತ್ತೆ. ಪಂಪಿಗೆ ಹೋಗುವ ಕೊಳವೆ ಇನ್ನೊಂದು ಮೂಲೆಯಲ್ಲಿದೆ. ಅರ್ಧ ಸೆಕೆಂಡು ಗಾಳಿ ಹೋದರೂ ಇಂಜೆಕ್ಷನ್ ಎಂಜಿನ್ ಸಹಿಸೋದಿಲ್ಲ. ಕಾರ್ಬ್ಯುರೇಟರ್ ಆಗಿದ್ದರೆ ಬಟ್ಟಲಿನಲ್ಲಿ ಒಂದಿಷ್ಟು ಉಳಿದಿರುತ್ತಿತ್ತು, ತಿರುವು ದಾಟುವವರೆಗೆ ಸಾಕಾಗುತ್ತಿತ್ತು. ಇಂಜೆಕ್ಷನ್ ಗಾಡಿಗಳ ಟ್ಯಾಂಕಿನಲ್ಲಿ ಪಂಪಿನ ಸುತ್ತ ಪೆಟ್ರೋಲ್ ನಿಲ್ಲಲು ಬೇರೆ ಏರ್ಪಾಡು ಇರುತ್ತೆ.

“ಅಂದ್ರೆ ಸಂಪ್ ಇಲ್ಲ” ಅಂದಳು ಹೆಂಡತಿ.

“ಏನು?”

“ನಮ್ಮ ಬೀದಿಗೆ ಹೇಮಾವತಿ ನೀರು ದಿನಾ ಬರುತ್ತಾ? ಬರಲ್ಲ. ಹಾಗಂತ ನೀವು ಸ್ನಾನ ಬಿಟ್ಟಿದ್ದೀರಾ? ನಲ್ಲಿ ನೀರು ಬಂದಾಗ ಬರಲಿ, ಬಿಟ್ಟಾಗ ಬಿಡಲಿ, ಸಂಪಿಗೆ ಬೀಳುತ್ತೆ. ಮೋಟರು ಸಂಪಿಂದ ಎತ್ತುತ್ತೆ. ನೀವು ಮೋಟರನ್ನ ನೇರ ನಲ್ಲಿಗೆ ಹಾಕಿದ್ದೀರಿ.”

ಮೇಸ್ತ್ರಿಗೆ ಫೋನ್ ಮಾಡಿ ಇದನ್ನು ನನ್ನದೇ ಯೋಚನೆ ಅನ್ನುವ ಹಾಗೆ ಹೇಳಿದೆ. ಅವರು ಕೂಡಲೇ “ಅದಕ್ಕೆ ಸರ್ಜ್ ಟ್ಯಾಂಕ್ ಅಂತಾರೆ ಸಾರ್” ಅಂದರು. ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತಾ? ಅದನ್ನು ಮಾಡಿಸುವ ಮೊದಲು ಒಮ್ಮೆ ಗುಜರಿ ಅಂಗಡಿಗೆ ಹೋಗಿ, ಆ ಟ್ಯಾಂಕ್ ಇದೆಯಾ ಅಂತ ಸುಮ್ನೆ ಕೇಳುವವನ ಹಾಗೆ ಕೇಳಿದೆ. “ಅವತ್ತು ಸಂಜೆನೇ ಹೋಯ್ತು” ಅಂದರು. ಮತ್ತೆ ಅದೇ ನೋಟ.

ಎರಡು ಲೀಟರಿನ ಒಂದು ಡಬ್ಬಿ ಬೆಸುಗೆ ಹಾಕಿಸಿದೆವು. ಗಾಡಿಯ ಹೊಟ್ಟೆಯಡಿ, ಕಲ್ಲು ತಾಗದ ಕಡೆ ಕೂರಿಸಿದೆವು. ಕಡಿಮೆ ಒತ್ತಡದ ಇನ್ನೊಂದು ಪುಟ್ಟ ಪಂಪು ಟ್ಯಾಂಕಿನಿಂದ ಅದಕ್ಕೆ ತುಂಬುತ್ತಲೇ ಇರುತ್ತದೆ. ದೊಡ್ಡ ಪಂಪು ಅದರ ತಳದಿಂದ ಎಂಜಿನ್‌ಗೆ ನೂಕುತ್ತದೆ. ಎಂಜಿನ್‌ನಿಂದ ಮಿಕ್ಕದ್ದು ಡಬ್ಬಿಗೇ ವಾಪಸ್, ಡಬ್ಬಿ ತುಂಬಿ ಚೆಲ್ಲಿದ್ದು ಟ್ಯಾಂಕಿಗೆ. ನಮ್ಮ ಮನೆಯ ನೀರಿಗೂ ಇಷ್ಟು ಮರ್ಯಾದೆ ಇಲ್ಲ. ಸೀಟಿನಡಿ ಒಂದು ಫೈರ್ ಎಕ್ಸ್‌ಟಿಂಗ್ವಿಷರ್ ಕೂಡ ಬಂತು, ಅದು ಹೆಂಡತಿಯ ಷರತ್ತು.

ಹೋದ ತಿಂಗಳು ಮತ್ತೆ ಚಾರ್ಮಾಡಿ ಹತ್ತಿದೆವು. ಬೇಕಂತಲೇ ಕಾಲು ಟ್ಯಾಂಕ್. ಅತ್ತೆ ಹಿಂದೆ ಕೂತು ಪ್ರತಿ ತಿರುವಿಗೂ ಕಂಬಿ ಹಿಡಿದುಕೊಳ್ಳುತ್ತಿದ್ದರು. ಗಾಡಿ ಒಂದು ಕಡೆಯೂ ಕೆಮ್ಮಲಿಲ್ಲ. ಈ ಸಲ ನಾನು ಕುದುರೆಯ ಸುದ್ದಿ ಎತ್ತಲಿಲ್ಲ. ಕೊಟ್ಟಿಗೆಹಾರದಲ್ಲಿ ದೋಸೆ ಬಂದಾಗ ಅತ್ತೆ ಕೇಳಿದರು:

“ಈ ಸಂಪನ್ನ ವರ್ಷಕ್ಕೊಂದು ಸಲ ತೊಳೆಸ್ತೀರಾ?”

ನಾನು ನಕ್ಕುಬಿಟ್ಟೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಗ್ಯಾರೇಜಿಗೆ ಹೋಗಿ ಡಬ್ಬಿ ಬಿಚ್ಚಿಸಿದೆ. ತಳದಲ್ಲಿ ರಾಗಿ ಅಂಬಲಿಯ ಹಾಗೆ ತುಕ್ಕು ಕೂತಿತ್ತು, ನನ್ನ ‘ಗಟ್ಟಿ’ ಟ್ಯಾಂಕಿನದು. ಮೇಸ್ತ್ರಿ ಅದನ್ನು ಬೆರಳಲ್ಲಿ ತೆಗೆದು ನೋಡಿ, “ಟ್ಯಾಂಕಿಗೂ ಡಬ್ಬಿಗೂ ಮಧ್ಯೆ ಒಂದು ಫಿಲ್ಟರ್ ಬೇಕು ಅಂತ ನಾನು ಅವತ್ತೇ ಹೇಳಿದ್ದೆನಲ್ಲ ಸಾರ್?” ಅಂದರು.

ಹೇಳಿರಲಿಲ್ಲ.