ಮನೆಯಿಲ್ಲದ ಸೊರಾರಿಟಿಯ ಬಗ್ಗೆ

ಸೊರಾರಿಟಿ ಎಂದರೆ ಅಮೆರಿಕದ ಕಾಲೇಜುಗಳ ವಿದ್ಯಾರ್ಥಿನಿ ಸಂಘ; ಹಲವು ಸಂಘಗಳಿಗೆ ಸದಸ್ಯೆಯರು ಒಟ್ಟಿಗೆ ವಾಸಿಸುವ ಸ್ವಂತ ಮನೆ ಇರುತ್ತದೆ. ಅಂಥ ಮನೆಯಿಲ್ಲದ ಸೊರಾರಿಟಿಗೆ ಸೇರಿ ಶುಲ್ಕ ಕಟ್ಟುವುದು ವ್ಯರ್ಥವೆಂದು ಲೇಖನವೊಂದರಲ್ಲಿ ಓದಿದೆ; ಆ ಅಭಿಪ್ರಾಯವನ್ನು ನಾನು ಒಪ್ಪಲಾರೆ. ಸಂಘದ ಬೆಲೆ ಇರುವುದು ಮನೆಯಲ್ಲಲ್ಲ, ಸದಸ್ಯೆಯರ ಕೆಲಸದಲ್ಲಿ. ಈ ಸಂಘಗಳ ಚರಿತ್ರೆಯನ್ನೇ ನೋಡಿದರೆ, 1913ರ ಜನವರಿಯಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ 22 ಕಪ್ಪು ವಿದ್ಯಾರ್ಥಿನಿಯರು ಕಟ್ಟಿದ ಡೆಲ್ಟಾ ಸಿಗ್ಮಾ ಥೀಟಾ, ಹುಟ್ಟಿ ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 3ರಂದು ಮಹಿಳೆಯರ ಮತದಾನದ ಹಕ್ಕಿಗಾಗಿ ಅದೇ ನಗರದಲ್ಲಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿತ್ತು. ಹೋವರ್ಡ್ ವಿಶ್ವವಿದ್ಯಾಲಯದಲ್ಲಿಯೇ 1908ರಲ್ಲಿ ಆರಂಭವಾದ ಇನ್ನೊಂದು ಸೊರಾರಿಟಿ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆಯರು ಪದವಿ ಮುಗಿದ ಮೇಲೂ ತಮ್ಮ ತಮ್ಮ ಊರುಗಳ ಶಾಖೆಗಳಲ್ಲಿ ದುಡಿಯುತ್ತಾರೆ. ವಿದ್ಯಾರ್ಥಿನಿಯಾಗಿದ್ದಾಗ ಅದಕ್ಕೆ ಸೇರಿದ ಕಮಲಾ ಹ್ಯಾರಿಸ್ ಅವರು ಅಮೆರಿಕದ ಉಪಾಧ್ಯಕ್ಷೆಯಾದ ಮೇಲೂ ಆ ನಂಟನ್ನು ಬಿಡಲಿಲ್ಲ.

ಅಮೆರಿಕದಲ್ಲಿ ಓದುತ್ತಿರುವ ನನ್ನ ಮಗಳು ಸೇರಿದ ಸಂಘಕ್ಕೂ ಮನೆಯಿಲ್ಲ. ಭಾನುವಾರ ಸಂಜೆ ಗ್ರಂಥಾಲಯದ ಕೋಣೆಯೊಂದನ್ನು ಕಾದಿರಿಸಿ ಸಭೆ ಸೇರುತ್ತಾರೆ, ಮುಗಿದ ಮೇಲೆ ಕುರ್ಚಿಗಳನ್ನು ಮೊದಲಿದ್ದಂತೆಯೇ ಜೋಡಿಸಿ ಬರುತ್ತಾರೆ. ಸಂಘದ ಬ್ಯಾನರು, ಲೆಕ್ಕದ ಪುಸ್ತಕ ಎರಡೂ ಅವಳ ಹಾಸ್ಟೆಲ್ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿವೆ. ಕಳೆದ ಚಳಿಗಾಲದಲ್ಲಿ ಅವಳು ಜ್ವರದಿಂದ ಮಲಗಿದಾಗ ಮೂವರು ಹುಡುಗಿಯರು, ಒಬ್ಬೊಬ್ಬರೂ ಬೇರೆ ಬೇರೆ ಹಾಸ್ಟೆಲಿನವರು, ಹಿಮದಲ್ಲಿ ನಡೆದು ಬಂದು ಸರದಿಯಂತೆ ಬಿಸಿ ಸೂಪು ಕೊಟ್ಟು ಹೋದರೆಂಬುದನ್ನು ನಾನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಸೇರುವ ಮೊದಲು ಕೇಳಬೇಕಾದದ್ದು ಮನೆಯ ವಿಚಾರವನ್ನಲ್ಲ. ವರ್ಷದ ಶುಲ್ಕವೆಷ್ಟು, ಅದರಲ್ಲಿ ಏನೇನು ಸೇರಿದೆ, ಸಭೆಗೆ ಬಾರದಿದ್ದರೆ ದಂಡವಿದೆಯೇ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಬೇಕು.