ಹಾನಾಕಾಜೆ ಬಗ್ಗೆ ಒಂದ್ ಮಾತು
ಜಪಾನಿನ ಸುಮೋ ಕುಸ್ತಿ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ ಸರ್, ಆದ್ರೆ ಸುಮೋ ಅಂದ್ರೆ ಬರೀ ಯೊಕೊಜುನಾಗಳ, ಅಂದ್ರೆ ಅತಿ ಮೇಲಿನ ಪದವಿಯ ಪೈಲ್ವಾನರ ಕಥೆ ಅನ್ನೋ ಥರ ಆಗೋಯ್ತು. ಹಾನಾಕಾಜೆ ಅಂತ ಒಬ್ರಿದ್ರು, ತತ್ಸುನಾಮಿ ಗರಡಿಯವ್ರು, 1986ರ ಮಾರ್ಚಲ್ಲಿ 15ನೇ ವಯಸ್ಸಿಗೆ ಅಖಾಡಕ್ಕೆ ಇಳಿದೋರು ಬಿಟ್ಟಿದ್ದು 2022ರ ಜನವರಿಲಿ, ಅಷ್ಟೊತ್ತಿಗೆ ವಯಸ್ಸು 51! ಇಷ್ಟು ವರ್ಷದಲ್ಲಿ ಏರಿದ್ದು ಸಾಂದಾನ್ಮೆವರೆಗೆ ಮಾತ್ರ, ಅಂದ್ರೆ ಆರು ಹಂತದಲ್ಲಿ ಕೆಳಗಿಂದ ಮೂರನೇದು. ತಿಂಗಳ ಸಂಬಳ ಶುರುವಾಗೋದೇ ಮೇಲಿನ ಎರಡು ಹಂತಕ್ಕೆ, ಅಲ್ಲಿರೋದು ಒಟ್ಟು 70 ಸೀಟು. ಮಿಕ್ಕೋರಿಗೆಲ್ಲ ಊಟ, ವಸತಿ, ಟೂರ್ನಮೆಂಟ್ ಟೂರ್ನಮೆಂಟ್‌ಗೆ ಒಂದಿಷ್ಟು ಭತ್ಯೆ ಅಷ್ಟೆ. ಮೇಲಿನೋರಿಗೆ ಟೂರ್ನಮೆಂಟ್‌ನ 15 ದಿನಕ್ಕೆ 15 ಕುಸ್ತಿ, ಕೆಳಗಿನೋರಿಗೆ 7. ತೀರಾ ಕೆಳಗಿನ ಎರಡು ಹಂತದೋರು ಚಳಿಗಾಲದಲ್ಲೂ ಯುಕಾತಾ ಅನ್ನೋ ತೆಳು ಹತ್ತಿ ನಿಲುವಂಗಿ ಹಾಕ್ಕೊಂಡು ಮರದ ಚಪ್ಪಲಿಲೇ ಓಡಾಡ್ಬೇಕು, ರೂಲ್ಸೇ ಹಾಗೆ.

ಮಜಾ ಏನಂದ್ರೆ ಹಾನಾಕಾಜೆ ಸೇರಿದ ವರ್ಷನೇ ಅದೇ ಗರಡಿಯ ಫುತಾಹಾಗುರೊ ಯೊಕೊಜುನಾ ಆದ್ರು, ಅತಿ ಮೇಲಿನ ಹಂತದಲ್ಲಿ ಒಂದೂ ಟೂರ್ನಮೆಂಟ್ ಗೆಲ್ಲದೆ! ಮುಂದಿನ ವರ್ಷದ ಕೊನೇಲಿ ಗುರುಗಳ ಜೊತೆ ಜಗಳ ಆಡ್ಕೊಂಡು ಗರಡಿ ಬಿಟ್ಟು ಹೋದ್ರು, ಅಲ್ಲಿಗೆ ಅವ್ರ ಸುಮೋನೇ ಮುಗೀತು. ಹಾನಾಕಾಜೆ ಮಾತ್ರ ಅಲ್ಲೇ ಉಳಿದ್ರು, ಮೂವತ್ತು ವರ್ಷ ಕಳೆದ್ಮೇಲೆ 2018ರಲ್ಲಿ ಮಂಗೋಲಿಯಾದ ಹೋಶೋರ್ಯು ಅದೇ ಗರಡಿಯಿಂದ ಅಖಾಡಕ್ಕೆ ಇಳಿದು ಇವ್ರನ್ನ ದಾಟಿ ಸರ್ರಂತ ಮೇಲೆ ಹೋಗಿದ್ದನ್ನೂ ನೋಡಿದ್ರು. ಅವನು 2025ರಲ್ಲಿ ಯೊಕೊಜುನಾ ಆದ, ಅಷ್ಟೊತ್ತಿಗೆ ಇವ್ರು ರಿಟೈರ್ಡ್.

ಇದನ್ನ ಸೋಲು ಅನ್ನೋರು ಅನ್ಲಿ, ನಂಗಂತೂ ಹಾಗನ್ಸಲ್ಲ. ಮುಂದಿನ ಭಾಗ ಬರೆದ್ರೆ ಇಂಥೋರನ್ನೂ ಸೇರ್ಸಿ ಸರ್.