ಹಕ್ಕಿ ವಿಷಯದಲ್ಲಿ ಇರುವ ವಿನಯ ಮನುಷ್ಯರ ವಿಷಯದಲ್ಲಿ ಎಲ್ಲಿ ಹೋಗುತ್ತದೆ?

ಚಳಿ ಶುರುವಾಯಿತು ಅಂದರೆ ನಮ್ಮ ಗದಗ-ಬೆಟಗೇರಿ ಕಡೆಯ ಚರ್ಚಿನ ಸಭೆಯವರ ವಾಟ್ಸಾಪ್ ಗ್ರೂಪಿನಲ್ಲಿ, ಹಿಮಾಲಯ ದಾಟಿ ಇಲ್ಲಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೊಗಳೇ ಫೋಟೊ. ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: "ಇವಕ್ಕೆ ದಾರಿ ತೋರಿಸಿದವರು ಯಾರು? ವಿಜ್ಞಾನಿಗಳ ಹತ್ತಿರ ಉತ್ತರವಿಲ್ಲ!" ಆಮೇಲೆ ಸಾಲಾಗಿ ಆಮೆನ್.

ನಾನೂ ನಂಬುವವನೇ. ಆದರೆ ಈ ಸಾಲು ನನಗೆ ಹಿಡಿಸುವುದಿಲ್ಲ. ಉತ್ತರ ಸುಮಾರು ಮಟ್ಟಿಗೆ ಇದೆ. ಪಟ್ಟೆತಲೆ ಹೆಬ್ಬಾತಿನ ರಕ್ತದ ಹಿಮೋಗ್ಲೋಬಿನ್ ಬೇರೆ ಬಾತುಗಳದ್ದಕ್ಕಿಂತ ಗಟ್ಟಿಯಾಗಿ ಆಮ್ಲಜನಕ ಹಿಡಿದುಕೊಳ್ಳುತ್ತದೆ, ಹಾಗಾಗಿ ಹಿಮಾಲಯದ ತೆಳು ಗಾಳಿಯಲ್ಲೂ ಅದು ರೆಕ್ಕೆ ಬಡಿಯಬಲ್ಲದು, ಮೈಗೆ ಉಪಕರಣ ಕಟ್ಟಿ ಬಿಟ್ಟ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ದಾರಿ ತೋರಿಸಿದವರು ಯಾರು ಅಂದರೆ, ಅದರ ಅಪ್ಪ-ಅಮ್ಮ. ಹೆಬ್ಬಾತಿನ ಮರಿಗಳು ದೊಡ್ಡವುಗಳ ಜೊತೆ ಹಾರಿಯೇ ದಾರಿ ಕಲಿಯುತ್ತವೆ.

ಹಾಗಂತ ಎಲ್ಲ ಗೊತ್ತಾಯಿತು ಅನ್ನುವವರ ಜೊತೆಗೂ ನಾನಿಲ್ಲ. ಭೂಮಿಯ ಕಾಂತಶಕ್ತಿ ಹಕ್ಕಿಗಳಿಗೆ ಹೇಗೆ ತಿಳಿಯುತ್ತದೆ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅಷ್ಟು ದೂರ ಯಾಕೆ, ಮಣ್ಣಿನಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳ ಇದೆ, ಅದಕ್ಕೆ ಇರುವುದೇ 302 ನರಕೋಶ, ಯಾವುದು ಯಾವುದಕ್ಕೆ ಜೋಡಣೆ ಆಗಿದೆ ಅಂತ 1986ರಲ್ಲೇ ನಕ್ಷೆ ಬರೆದು ಮುಗಿಸಿದ್ದಾರೆ. ಆದರೂ ಆ ಹುಳ ಮುಂದೆ ಏನು ಮಾಡುತ್ತೆ ಅಂತ ನಕ್ಷೆ ನೋಡಿ ಹೇಳೋಕೆ ಆಗಲ್ಲ. ನಮ್ಮ ತಲೆಯಲ್ಲಿ ಇರುವುದು ಸುಮಾರು 8,600 ಕೋಟಿ.

ಹಾಗಾದರೆ ಗೊತ್ತಿಲ್ಲದ ಆ ಜಾಗದಲ್ಲಿ ದೇವರನ್ನು ಕೂರಿಸೋಣವೇ? ನಾಜಿಗಳ ಜೈಲಿನಲ್ಲಿದ್ದ ಜರ್ಮನಿಯ ಪಾದ್ರಿ ಬೊನ್‌ಹಾಫರ್ 1944ರಲ್ಲೇ ಬೇಡ ಅಂತ ಬರೆದಿದ್ದರು. ತಿಳಿವಳಿಕೆ ಬೆಳೆದ ಹಾಗೆಲ್ಲ ಅಂಥ ದೇವರು ಹಿಂದೆ ಸರಿಯುತ್ತಲೇ ಇರಬೇಕಾಗುತ್ತದೆ, ಅಲ್ವಾ? ಹಿಮೋಗ್ಲೋಬಿನ್ ಗೊತ್ತಾದ ಮೇಲೆ ನನ್ನ ಬೆರಗು ಜಾಸ್ತಿಯೇ ಆಗಿದೆ.

ಇನ್ನು ಬೈಬಲಿನ ಯೋಬನ ಗ್ರಂಥ. ಯೋಬ ದೇವಭಕ್ತ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಯಾಕೆ ಹೀಗೆ ಅಂತ ದೇವರನ್ನೇ ಕೇಳಿದವನು. ಲೋಕಕ್ಕೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಅಂತ ದೇವರು ಕೇಳುವ ಭಾಗವನ್ನು ಅವಿಶ್ವಾಸಿಗಳ ಬಾಯಿ ಮುಚ್ಚಿಸೋಕೆ ಬಳಸುವವರನ್ನು ಬಹಳ ನೋಡಿದ್ದೇನೆ. ಆದರೆ ಆ ಪ್ರಶ್ನೆ ಬಿದ್ದದ್ದು ಭಕ್ತನ ಮೇಲೆ. ಸಿಂಹ, ಕಾಗೆ, ಕಾಡುಕತ್ತೆ, ಗಿಡುಗ ಅಂತ ದೇವರು ಒಂದೊಂದನ್ನೇ ತೋರಿಸುತ್ತಾ ಹೋಗುತ್ತಾನೆ. ಯೋಬನ ಮಕ್ಕಳು ಯಾಕೆ ಸತ್ತರು ಅನ್ನೋದಕ್ಕೆ ಉತ್ತರ ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಕೊನೆಗೆ ಸಿಟ್ಟು ಯಾರ ಮೇಲೆ? ಪ್ರಶ್ನೆ ಕೇಳಿದ ಯೋಬನ ಮೇಲಲ್ಲ. ನೀನೇ ಏನೋ ಪಾಪ ಮಾಡಿರಬೇಕು ಅಂತ ಕಾರಣ ಕೊಟ್ಟ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರ ಮೇಲೆ. ಅವರು ಬಂದ ಹೊಸದರಲ್ಲಿ ಏಳು ದಿನ ನೆಲದ ಮೇಲೆ ಸುಮ್ನೆ ಕೂತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಪ್ರವಾದಿ ಯೆರೆಮೀಯನೂ ಅಷ್ಟೇ. ಕೊಕ್ಕರೆಗೆ ತನ್ನ ಕಾಲ ಗೊತ್ತು ಅಂತ ಶುರು ಮಾಡಿ, ನನ್ನ ಜನರಿಗೇ ಗೊತ್ತಿಲ್ಲ ಅಂತ ಮುಗಿಸುತ್ತಾನೆ. ಆ ಮಾತು ಹೊರಗಿನವರಿಗೆ ಹೇಳಿದ್ದಲ್ಲ.

ನನ್ನ ತಕರಾರು ಇಷ್ಟೇ. ಬಾತು ಹೇಗೆ ಬರುತ್ತೆ ಅಂದರೆ "ದೇವರ ರಹಸ್ಯ, ನಮಗೇನು ತಿಳಿಯುತ್ತೆ" ಅನ್ನುತ್ತೇವೆ. ಅದೇ ಪಕ್ಕದ ಮನೆಯವರ ಮಗ ಬೈಕ್ ಅಪಘಾತದಲ್ಲಿ ಹೋದರೆ, ಯಾರಿಗೋ ಮಕ್ಕಳಾಗದಿದ್ದರೆ, ಕ್ಯಾನ್ಸರ್ ಬಂದರೆ, ಪ್ರಾರ್ಥನೆ ಕಮ್ಮಿ ಆಯಿತು, ದೇವರ ಪರೀಕ್ಷೆ, ಹಿರಿಯರ ಪಾಪ ಅಂತ ಚಹಾ ತಣ್ಣಗಾಗೋದರೊಳಗೆ ಕಾರಣ ಹೇಳಿ ಮುಗಿಸಿರುತ್ತೇವೆ. ಅಲ್ಲಿ ಯಾವ ರಹಸ್ಯವೂ ಇಲ್ಲ!

ಫೋಟೊ ಹಾಕಬೇಡಿ ಅಂತಲ್ಲ, ಹಾಕಿ, ಚೆಂದ ಇರುತ್ತವೆ. ಆದರೆ ಮುಂದಿನ ಸಲ ಬೈಬಲ್ ಅಧ್ಯಯನಕ್ಕೆ ಸೃಷ್ಟಿಯ ಅದ್ಭುತ ಅಂತ ವಿಷಯ ಇಟ್ಟರೆ ಪ್ರಾಣಿ-ಪಕ್ಷಿಗಳ ಯೋಬ 39ಕ್ಕೇ ನಿಲ್ಲಿಸದೆ, ದೇವರು ಆ ಗೆಳೆಯರ ಮೇಲೆ ಸಿಟ್ಟಾಗುವ 42:7ರವರೆಗೂ ಓದಿಸಿ.